ಎರಡು ಮುಚ್ಚಳ ಔಷಧ

ಗೋಕಾಕ, ೧೨ ಜುಲೈ, ಶುಕ್ರವಾರ

ಮನ್ಯಾಗಿನ ಸಮುದ್ರದ ಮೀನಿನ ತೊಟ್ಟಿಯೊಳಗ ಕೆಂಪು ಪಾಚಿ ಹೋಗವಲ್ದು. ಉಸುಕು ಎಷ್ಟು ತೊಳದ್ರೂ, ಕಲ್ಲು ಎಷ್ಟು ತಿಕ್ಕಿದ್ರೂ ಎರಡ ದಿನಕ್ಕ ಮತ್ತ ಹಾಸತೈತಿ. ನಿನ್ನೆ ಸಿಟ್ಟಿಗೆದ್ದು ಒಂದು ಮುಚ್ಚಳ ಹಾಕಬೇಕಾದ ಪಾಚಿ ಔಷಧ ಎರಡು ಮುಚ್ಚಳ ಹಾಕಿದೆ. ಯಾರಿಗೂ ಹೇಳಲಿಲ್ಲ.

ಮುಂಜಾನೆ ಕಿತ್ತಳೆ ಮೀನು ನೀರಿನ ಮ್ಯಾಲ ಬಂದು ಬಾಯಿ ಬಿಡಾಕತ್ತಿತ್ತು. ನಾ ನೀರು ಬದಲಿಸೋದ್ರಾಗ ಸತ್ತಹೋತು.

ಮಗಳು ಮಹೆಕ, "ನಾ ಮೀನಿಗೆ ಊಟ ಭಾಳ ಹಾಕಿದ್ನಿ ಅಮ್ಮಿ, ಅದಕ್ಕ ಪಾಚಿ ಬಂತು, ಅದಕ್ಕ ಸತ್ತಿತು" ಅಂತ ಅಳಕೋತ ಕುಂತಳು. ಸಾಲಿಗೆ ಹೋಗಲಿಲ್ಲ, ಉಣ್ಣಲೂ ಇಲ್ಲ. ಸಂಜೀತನಕಾ ನಾ ಸುಮ್ಮನಿದ್ದೆ.

ಕಡೀಕ ಔಷಧದ ಬಾಟ್ಲಿ ಅಕಿ ಮುಂದಿಟ್ಟು ಎಲ್ಲಾ ಹೇಳಿದೆ. ಅಕಿ ಬಾಟ್ಲಿ ಕೈಯಾಗ ತಗೊಂಡು ಕೇಳಿದಳು:

"ಮುಂಜಾನೇನ ಯಾಕ ಹೇಳಲಿಲ್ಲ, ಅಮ್ಮಿ?"

ಒಂಬತ್ತು ವರ್ಷದ ಹುಡುಗಿ ಮುಂದ, ನಿನಗ ಹೆದರಿ ಹೇಳಲಿಲ್ಲ ಅಂತ ಹೆಂಗ ಹೇಳಲಿ?