ಹಾಲ್‌ನ ಎತ್ತರ

ಜೂನ್ ೯, ಮಂಗಳವಾರ

ಪರದೆಗೆ ಚೆಂಡು ಹೊಡೆದು ಮನೆಯಲ್ಲೇ ಗಾಲ್ಫ್ ಆಡೋ ಸಿಮ್ಯುಲೇಟರ್ ಒಂದೂ ನಮ್ಮ ಹಾಲ್‌ಗೆ ಹೊಂದುತ್ತಿಲ್ಲ. ಅಳೆದು ಅಳೆದು ತಲೆ ಕೆಟ್ಟುಹೋಗಿದೆ. ಲಕ್ವ ಹೊಡೆದಮೇಲೆ ಅಪ್ಪ ಮೈದಾನದ ಕಡೆ ಹೋಗಿಲ್ಲ, ಗೋಡೆ ನೋಡುತ್ತಾ ಕೂತಿರುತ್ತಾರೆ. ಇದಾದರೂ ಅವರನ್ನ ಎಬ್ಬಿಸಲಿ ಅಂತ ಒದ್ದಾಡುತ್ತಿದ್ದೇನೆ.

"ಸೀಲಿಂಗ್ ತಗ್ಗು ಮೇಡಂ, ಕೋಲು ಬಡಿಯುತ್ತೆ" ಅಂತ ಅಂಗಡಿಯವನದು ಒಂದೇ ರಾಗ. ನನ್ನ ಕಣ್ಣಲ್ಲೂ ಇದ್ದದ್ದು ಅಪ್ಪನ ಹಳೇ ಬೀಸೇ.

ಇವತ್ತು ಫ್ಯಾನ್ ಬಿಚ್ಚಿಸಿದೆ. ಅಪ್ಪನ ಕೈಗೆ ಗಾಲ್ಫ್ ಕೋಲು ಕೊಟ್ಟು, ಟೇಪ್ ಹಿಡಿದು ಸ್ಟೂಲ್ ಹತ್ತಿದೆ. "ಮೆಲ್ಲಗೆ ಬೀಸಿ ಅಪ್ಪಾ" ಅಂದೆ.

ಕೋಲು ಅವರ ಸೊಂಟ ದಾಟಲಿಲ್ಲ. ಹಲ್ಲು ಕಚ್ಚಿ ಮತ್ತೆ ಎತ್ತಿದರು. ಅಷ್ಟೇ.

"ಜಾಗ ಸಾಲುತ್ತೇನಮ್ಮಾ?" ಅಂದರು.

"ಧಾರಾಳವಾಗಿ ಸಾಲುತ್ತಪ್ಪಾ" ಅಂದೆ. ಸ್ಟೂಲಿಂದ ಇಳಿದು ಅವರ ಮುಖ ನೋಡೋ ಧೈರ್ಯ ಮಾತ್ರ ಬರಲಿಲ್ಲ.