ಅಪ್ಪನ ಜಾಡಿಯ ತಳ

ಜಿಂಗ್ಡೆಝೆನ್

ಅಣ್ಣನಿಗೆ,

ಅಪ್ಪನ ಬೂದಿಗೆಂದು ಮುಚ್ಚಳವಿರುವ ಪಿಂಗಾಣಿ ಜಾಡಿಯೊಂದನ್ನು ನಮ್ಮ ಗೂಡಿನಲ್ಲೇ ಸುಟ್ಟೆವು. ತಳದಲ್ಲಿ ಅವರ ಹೆಸರು ಬರೆಯುವ ಕೆಲಸ ನನ್ನದಾಗಿತ್ತು. ದಿನವಿಡೀ ಹೂದಾನಿಗಳ ತಳಕ್ಕೆ ಹಳೆಯದೆಂದು ತೋರಲಿ ಅಂತ ಹಿಂದಿನ ಕಾಲದ ಚಿಯಾನ್‌ಲಾಂಗ್ ದೊರೆಯ ಮುದ್ರೆ ಬರೆಯುವ ಕೈ ಇಲ್ಲೂ ಅದನ್ನೇ ಬರೆದುಬಿಟ್ಟಿದೆ. ಗೂಡಿನಿಂದ ತೆಗೆದ ಮೇಲೆ ಗೊತ್ತಾಯಿತು. ಅಮ್ಮನಿಗೆ ತೋರಿಸಿದೆ.

"ಇರ್ಲಿ ಬಿಡೇ," ಅಂದಳು ಅಮ್ಮ. "ಬೀಗರ ಮನೇಲೂ ಸಾರಿನ ಬಟ್ಲು ಮಗುಚಿ ಮುದ್ರೆ ಹುಡುಕ್ತಿದ್ದ ಮನುಷ್ಯ. ಈಗ ದೊರೆ ತಲೆ ಮೇಲೇ ಕೂತಿರ್ಲಿ."

ಬರುವಾಗ ಒಳ್ಳೆಯ ಅಂಟು ತಾ, ಮುಚ್ಚಳ ಇನ್ನೂ ಅಂಟಿಸಿಲ್ಲ. ಜಾಡಿ ಕಿಟಕಿ ಪಕ್ಕದ ಮೇಜಿನ ಮೇಲಿದೆ. ನೀನೂ ಹಳೆಯ ಪಿಂಗಾಣಿ ಮಾರುವವನು, ತಳ ನೋಡದೆ ನಿನ್ನ ಕೈ ಸುಮ್ಮನಿರುವುದಿಲ್ಲ. ದಯವಿಟ್ಟು ಮಗುಚಬೇಡ. ಅಪ್ಪ ಒಳಗಿದ್ದಾರೆ.

ನಿನ್ನ ತಂಗಿ,
ಪೇಯುನ್