ಅಜ್ಜಿಯ ನೋವಿಗೆ ಸೊನ್ನೆ ಸುತ್ತಿದವರಿಗೆ

ಪುಣೆ ಮಹಾನಗರದ ಸಮಸ್ತ ಸೊಂಟ, ಮೊಣಕಾಲು, ಪಕ್ಕೆಲುಬುಗಳ ಸಾರ್ವಭೌಮರೂ, ಪರರ ನರಳಾಟಕ್ಕೆ ಅಂಕ ನೀಡುವ ಏಕಮೇವ ಪರೀಕ್ಷಕರೂ ಆದ ದೊಡ್ಡಾಸ್ಪತ್ರೆಯ ನೋವು ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಿಗೆ, ಕಾತ್ರಜದ ಮೂರನೇ ಮಹಡಿಯಿಂದ ಒಬ್ಬ ಪಾಮರನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ನಮ್ಮ ಅಜ್ಜಿ ಹುಲಿಗೆವ್ವನವರಿಗೆ ನೋವೇ ಇಲ್ಲವೆಂದು ತಮ್ಮ ವಿಭಾಗ ಕಳೆದ ವಾರ ಘೋಷಿಸಿದೆ. ಈ ಶುಭವಾರ್ತೆಯನ್ನು ದಯವಿಟ್ಟು ಅವರ ಪಕ್ಕೆಲುಬಿಗೂ ತಿಳಿಸಿಕೊಡಿ. ಅದಕ್ಕಿನ್ನೂ ಗೊತ್ತಾದಂತಿಲ್ಲ.

ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳಾದವು, ಉರಿ ಮಾತ್ರ ಉಳಿಯಿತು. ಸೆರಗು ತಾಗಿದರೂ ಕೆಂಡ ತಾಗಿದಂತಾಗಿ, ಅಜ್ಜಿ ಅದನ್ನು ದಿನವಿಡೀ ಮೈಯಿಂದ ಎತ್ತಿ ಹಿಡಿದುಕೊಂಡೇ ಓಡಾಡುತ್ತಾರೆ. ಇದಕ್ಕೆ ತಮ್ಮಲ್ಲಿ ಇಂಜೆಕ್ಷನ್ ಇದೆಯಂತೆ. ಆದರೆ ಮೊದಲು ಪ್ರಶ್ನಾವಳಿಯಲ್ಲಿ ಪಾಸಾಗಬೇಕಂತೆ. ವಿಜಾಪುರದ ಕಡೆಯ ರೋಗಿಗಳಿಗಾಗಿ ತಾವು ಆ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರಿಸಿದ್ದೀರಿ, ಮರಾಠಿ ಸಿಬ್ಬಂದಿ ಓದಲೆಂದು ಆ ಕನ್ನಡವನ್ನು ಮತ್ತೆ ದೇವನಾಗರಿಯಲ್ಲಿ ಬರೆಸಿದ್ದೀರಿ. ಇಷ್ಟು ಶ್ರಮಪಟ್ಟವರು, ಪ್ರಶ್ನೆಯನ್ನು ಯಾರಿಗೆ ಕೇಳುತ್ತಿದ್ದೇವೆ ಎಂದು ಒಮ್ಮೆ ತಲೆಯೆತ್ತಿ ನೋಡಬಾರದಿತ್ತೇ?

ಪ್ರಶ್ನೆ ಓದಿದವರು ತಮ್ಮ ವಿಭಾಗದ ಶೀತಲ್ ಎಂಬ ಹುಡುಗಿ. 'ಈ ನೋವು ಎಂದಿಗೂ ಹೋಗುವುದಿಲ್ಲ ಎಂದು ನಿಮಗೆ ಅನಿಸುತ್ತದೆಯೆ?'

"ಬಿಡ್ತು ಅನ್ನವಾ!" ಅಜ್ಜಿ ಕೂತಲ್ಲೇ ಬೆಚ್ಚಿದರು. "ಮ್ಯಾಲ ದೇವತಿಗಳು ಅಡ್ಡಾಡತಿರ್ತಾರ. ಅಸ್ತು ಅಂದುಬಿಟ್ರ ಯಾರ ಹೊಣಿ, ನೀ ಏನು?"

'ಇದಕ್ಕಿಂತ ಕೆಟ್ಟದ್ದು ಏನೋ ಆಗಲಿದೆ ಎಂಬ ಭಯವಿದೆಯೆ?'

"ಥೂ ಥೂ! ಇಲ್ಲ ಅಂತ ಬರಿ. ನನಗೇನಾಗ್ಯದ? ಭಾಳ ಆರಾಮ ಅದೀನಿ. ಇಂಥಾ ಮಾತು ಆಡಬಾರದು ತಂಗಿ, ನಿಂದಿನ್ನೂ ಲಗ್ನ ಆಗೂದದ."

ಕೆಟ್ಟ ಮಾತಿಗೆ ಅಜ್ಜಿ ಯಾಕೆ ಹೆದರುತ್ತಾರೆಂದು ನಾನು ಮರಾಠಿಯಲ್ಲಿ ತಿಳಿಸಿ ಹೇಳಿದೆ. ಶೀತಲ್ ಪೆನ್ನು ಕೆಳಗಿಟ್ಟು, ನಮ್ಮ ಮನೆಯಲ್ಲೂ ಹಾಗೇ, ಕೆಟ್ಟದ್ದಾಡಿದರೆ ವಾಸ್ತುಪುರುಷ ತಥಾಸ್ತು ಅಂತಾನೆ ಎಂದು ಪಿಸುಗುಟ್ಟಿದರು. ಆಮೇಲೆ ಪೆನ್ನು ಎತ್ತಿಕೊಂಡು ಸೊನ್ನೆ ಸುತ್ತಿದರು. ನಿಯಮ ತಮ್ಮದು, ಅವರೇನು ಮಾಡಿಯಾರು?

ಯಾವ ಮಾತು ಬಾಯಿಂದ ಹೊರಡಬಾರದೆಂದು ನಮ್ಮನ್ನು ತೊಟ್ಟಿಲಿನಿಂದ ಬೆಳೆಸಿದ್ದಾರೋ, ತಮ್ಮ ಪಟ್ಟಿಯಲ್ಲಿರುವುದೆಲ್ಲ ಅದೇ. ಹಾಗಾದರೆ ಅಪಶಕುನ ನುಡಿದವರಿಗಷ್ಟೇ ಇಂಜೆಕ್ಷನ್ನೇ? ಕಷ್ಟ ನುಂಗಿ 'ಆರಾಮ' ಎಂದವರು ಸೆರಗು ಹಿಡಿದು ಮನೆಗೆ ನಡೆಯಬೇಕೇ?

ಮನೆಗೆ ಬಂದು ನಾನೇ ಒಂದು ಪ್ರಶ್ನಾವಳಿ ರಚಿಸಿದೆ. ಅದರಲ್ಲಿ ಒಂದೇ ಪ್ರಶ್ನೆ.

"ಅಜ್ಜಿ, ಈ ನೋವು ಯಾರಿಗರ ಕೊಡಬಹುದು ಅಂದ್ರ ಯಾರಿಗೆ ಕೊಡ್ತಿ?"

"ಖೋಡಿ, ಇದನ್ಯಾಕ ಕೊಡ್ಲಿ ಯಾರಿಗರ?"

"ಅಂಬಾಬಾಯಿಗೆ?"

ಅಂಬಾಬಾಯಿ ಅಜ್ಜಿಯ ನಾದಿನಿ. ಯಾವುದೋ ಮದುವೆಯ ಪಂಕ್ತಿಯಲ್ಲಿ ಅಜ್ಜಿಯ ಎಲೆಗೆ ತುಪ್ಪ ಬಡಿಸದೆ ಮುಂದೆ ಹೋದವರು. ಅಂದಿನಿಂದ ಮಾತಿಲ್ಲ. ಅವರಿಗೆ ಹಲ್ಲುನೋವೆಂದು ಸುದ್ದಿ ಬಂದ ದಿನ ನಮ್ಮಲ್ಲಿ ಶೇಂಗಾ ಹೋಳಿಗೆ ಆಗಿತ್ತು.

ಅಜ್ಜಿ ಎತ್ತಿ ಹಿಡಿದ ಸೆರಗನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

"ಬ್ಯಾಡಪಾ," ಅಂದರು. "ಅಕಿಗೂ ಬ್ಯಾಡ."

ಮಾನ್ಯರೇ, ಹತ್ತಕ್ಕೆ ಹತ್ತು ಎಂದರೆ ನಮ್ಮಲ್ಲಿ ಇದು. ಆದ್ದರಿಂದ ಹುಲಿಗೆವ್ವನವರನ್ನು ಕೂಡಲೇ ಮರುಪರೀಕ್ಷೆಗೆ ಕರೆಯಬೇಕು, ಕೆಟ್ಟ ಮಾತು ಬಾಯಿಬಿಡಿಸದೆ ಸೂಜಿ ಚುಚ್ಚಬೇಕು, ಮತ್ತು ನನ್ನ ಪ್ರಶ್ನೆಯನ್ನು ತಮ್ಮ ಶಾಸ್ತ್ರಕ್ಕೆ ಸೇರಿಸಿಕೊಳ್ಳಬೇಕೆಂದು ಆಗ್ರಹಿಸುತ್ತೇನೆ. ಅದಕ್ಕೆ ಬೇಕಾದರೆ ತಮ್ಮ ಹೆಸರನ್ನೇ ಇಟ್ಟುಕೊಳ್ಳಿ.

ಇಂತಿ,
ತಮ್ಮ ಸೊನ್ನೆಯನ್ನು ರಿಕ್ಷಾದಲ್ಲಿ ಮನೆಗೆ ಕರೆತಂದ ಮೊಮ್ಮಗ,
ಮಾಂತು
ಕಾತ್ರಜ, ಪುಣೆ, ಆಗಸ್ಟ್ 2004

ತಾ.ಕ.: ಒಂದು ಸಣ್ಣ ತಪ್ಪೊಪ್ಪಿಗೆ. ಶಾಸ್ತ್ರಕ್ಕೆ ಎರಡನೇ ಸಾಕ್ಷಿ ಇರಲೆಂದು ಇದೇ ಪ್ರಶ್ನೆಯನ್ನು ನಮ್ಮಪ್ಪನ ಸೊಂಟನೋವಿನ ಮೇಲೂ ಪ್ರಯೋಗಿಸಿದೆ. ಪೇಪರಿನಿಂದ ತಲೆ ಎತ್ತದೆ ಅಂದರು: "ನಿನಗ ಕೊಡ್ತೀನಿ. ಈಗ ತಗೊಂಡು ಹೋಗು."